ದಾರಿಯಲ್ಲಿ ಸಿಕ್ಕ ಕೂಮ್

ನನ್ನ ಅಮ್ಮ ಸ್ತಮೇನಾ ಗಟ್ಟಿಗಿತ್ತಿ. ಪ್ಲಮ್ ತೋಟದ ಕೆಲಸದಲ್ಲಿ ಎರಡು ಗಂಡಾಳಿಗೆ ಸಮ. ಆದರೆ ಅವಳು ಹೆತ್ತ ಮೊದಲ ಮೂರು ಮಕ್ಕಳೂ ಹಾಲು ಬಿಡುವ ಮುಂಚೆಯೇ ಮಣ್ಣು ಸೇರಿದ್ದವು. ನಾನು ಹುಟ್ಟಿದಾಗ ಮುಖ ನೋಡಲೂ ಹೆದರಿದಳಂತೆ. ಅಂಥ ಮನೆಯವರಿಗೆ ನಮ್ಮ ಶುಮಾದಿಯ ಸೀಮೆಯಲ್ಲಿ ಉಳಿದಿರುವುದು ಒಂದೇ ಉಪಾಯ. ಕೂಸನ್ನು ದಾರಿ ಕೂಡುವಲ್ಲಿ ಮಲಗಿಸಬೇಕು. ಮೊದಲು ಬಂದವನೇ ಅದಕ್ಕೆ ಕೂಮ್, ಅಂದರೆ ಧರ್ಮದ ತಂದೆ. ಅವನೇ ಎತ್ತಿಕೊಂಡು ಹೋಗಿ ಚರ್ಚಿನಲ್ಲಿ ಹೆಸರಿಡಬೇಕು. ಅವನು ಒಲ್ಲೆ ಎಂದರೆ ಮಗು ಉಳಿಯದು.

ನನ್ನ ಅಜ್ಜಿ ಸ್ಮಿಲ್ಯಾ ಎಲ್ಲವನ್ನೂ ದೇವರಿಗೆ ಬಿಡುವವಳಲ್ಲ. ಗಿರಣಿಯವನು ಹಾದುಹೋಗುವ ಹೊತ್ತು ವಿಚಾರಿಸಿಕೊಂಡೇ ನನ್ನನ್ನು ಮಲಗಿಸಿ, ಅಮ್ಮನ ಜೊತೆ ಬೇಲಿಯ ಹಿಂದೆ ಕುಳಿತಳು. ಆದರೆ ಅದು ತುರ್ಕರ ಮೇಲೆ ಯುದ್ಧಕ್ಕೆ ಹೊರಟ ವರ್ಷ. ಗಿರಣಿಯವನ ಕತ್ತೆಗಿಂತ ಮೊದಲು ಒಂದು ದಂಡೇ ಬಂತು. ಮುಂದೆ ಕುದುರೆಯ ಮೇಲೆ ಕರ್ನಲ್ ತಾನಾಸಿಯೆ ರಶ್ಕೊವಿಚ್. ದರ್ಜಿಯ ಮಗ, ಮೂಗಿನ ತುದಿಯಲ್ಲೇ ಸಿಟ್ಟು.

ಜೊತೆಗಿದ್ದ ಅಧಿಕಾರಿ ರೈಲು ಕಾಯುವುದಿಲ್ಲವೆಂದು ಗೊಣಗುತ್ತ, ನನ್ನನ್ನು ಪಕ್ಕಕ್ಕೆ ಸರಿಸಲು ಇಳಿದ. ಸರಿಸಿಬಿಟ್ಟರೆ ಒಲ್ಲೆ ಎಂದ ಹಾಗೆಯೇ.

"ಮುಟ್ಬೇಡ. ಮೊದ್ಲು ಬಂದೋನು ನಾನು," ಎಂದರು ಕರ್ನಲ್. "ರೈಲು ತಪ್ಪಿದ್ರೆ ನಡ್ಕೊಂಡು ಹೋಗೋಣ."

ಅಜ್ಜಿ ಎದ್ದು ಬಂದು, ಗಿರಣಿಯವನಿಗೆ ಕಾಯುತ್ತಿದ್ದೆವೆಂದು ಬಾಯಿ ತಪ್ಪಿ ಹೇಳಿಬಿಟ್ಟಳು.

"ನನ್ ಹತ್ರ ಹಿಟ್ಟಿಲ್ಲ ಅಜ್ಜಿ, ಫಿರಂಗಿ ಇದೆ. ನಡಿಯುತ್ತಾ?"

ದಂಡು ಚರ್ಚಿನ ಮುಂದೆ ಕಾದು ನಿಂತಿತು. ಸಾವು ಹೆದರಿ ದೂರವಿರಲಿ ಎಂದು ನನಗೆ ವೂಕ್, ಅಂದರೆ ತೋಳ ಎಂದು ಹೆಸರಿಟ್ಟರು. ನಾನು ಉಳಿದೆ. ಇಂದಿಗೂ ನಾನು ಉಸಿರಾಡುವುದು ಆ ಋಣದಲ್ಲಿ.

ಕೂಮ್ ಗೆದ್ದು ಬಂದು ಜನರಲ್ ಆದರು. ಅಮ್ಮ ಭಾನುವಾರ ತಪ್ಪದೆ ಅವರ ಹೆಸರಿನಲ್ಲಿ ಮೇಣದಬತ್ತಿ ಹಚ್ಚುತ್ತಿದ್ದಳು. ಮಹಾಯುದ್ಧದಲ್ಲಿ ಅವರು ಸೋತ ಸೈನ್ಯವನ್ನು ಅಲ್ಬೇನಿಯದ ಹಿಮದ ಬೆಟ್ಟಗಳ ಮೇಲೆ ನಡೆಸಿದರು. ಎಷ್ಟೋ ಜನ ಅಲ್ಲೇ ಹಿಮದಲ್ಲಿ ಸತ್ತರು, ಆ ಸೈನ್ಯದಲ್ಲಿದ್ದ ನನ್ನ ಅಪ್ಪನೂ. ಆಮೇಲೆ ಕೂಮ್ ಮಂತ್ರಿಗಳಿಗೆ ಮುಖಕ್ಕೆ ಹೊಡೆದಂತೆ ಮಾತಾಡಿ, ಪಿಂಚಣಿ ಹಿಡಿದು ಮನೆ ಸೇರಿದರು.

ನನ್ನ ಮದುವೆಗೂ ಕೂಮ್ ಸಾಕ್ಷಿಯಾಗಿ ನಿಂತರೇ ಚೆಂದ. ಗಂಡನನ್ನು ಸಾವಿಗೆ ನಡೆಸಿದವನಿಗೆ ಕರೆಯೇ ಎಂದು ಊರು ಚುಚ್ಚಿತು. ಅಮ್ಮ ಯಾರ ಮಾತಿಗೂ ಸೊಪ್ಪು ಹಾಕದೆ, ಮದುವೆಗೆ ಕರೆಯುವ ಪದ್ಧತಿಯಂತೆ ಸಾರಾಯಿಯ ಸೋರೆಬುರುಡೆಗೆ ಹೂ ಕಟ್ಟಿಕೊಂಡು ಬೆಲ್‌ಗ್ರೇಡಿಗೆ ತಾನೇ ಹೋಗಿ ಕರೆದಳು.

ಅವರು ಬಂದರು. ಊರವರು ಅವರೊಡನೆ ಊಟಕ್ಕೆ ಕೂರಲೊಲ್ಲದೆ ಬೇಲಿಯ ಹತ್ತಿರವೇ ನಿಂತರು. ಅವರೂ ಟೊಪ್ಪಿ ಕೈಯಲ್ಲಿ ಹಿಡಿದು ನಿಂತೇ ಇದ್ದರು.

"ನಿನ್ ಗಂಡನ್ನ ವಾಪಸ್ ಕರ್ಕೊಂಡು ಬರೋಕಾಗ್ಲಿಲ್ಲ ತಾಯಿ. ಯಾವ ಮುಖ ಇಟ್ಕೊಂಡು ಕೂತ್ಕೊಳ್ಲಿ?"

ಅಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು: "ಅವ್ರನ್ನ ಯುದ್ಧ ತಗೊಂಡೋಯ್ತು. ಇವನನ್ನ ಉಳಿಸಿಕೊಟ್ಟೋರು ನೀವು. ಕೂತ್ಕೊಳ್ಳಿ ಕೂಮ್, ಊಟ ಆರ್ತಾ ಇದೆ."

ಅವರು ಕುಳಿತರು. ಆ ಮುಂಗೋಪಿ ರೊಟ್ಟಿ ಮುರಿದು ಮೊದಲ ತುಂಡನ್ನು ಅಮ್ಮನ ಮುಂದಿಟ್ಟರು. ಆಮೇಲೆ ಊರವರು ಒಬ್ಬೊಬ್ಬರಾಗಿ ಬಂದು ಅವರ ಪಕ್ಕದಲ್ಲಿ ಕುಳಿತರು.