ಟಾರು ರಸ್ತೆಗೂ ಹೂಮಳೆ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಚಿಕ್ಕಪ್ಪ ನಡುರಸ್ತೆಯಲ್ಲಿ ನಿಂತು ಕಂಟ್ರಾಕ್ಟರನ ಜನ್ಮ ಜಾಲಾಡುತ್ತಿದ್ದರು. ನಾನೂ ಪಕ್ಕದಲ್ಲಿದ್ದೆ. ಆಲ್ದೂರಿಗೆ ಹೋಗುವ ನಮ್ಮ ರಸ್ತೆಗೆ ಹೋದ ವರ್ಷವಷ್ಟೇ ಟಾರು ಬಿದ್ದಿದೆ. ಉಳಿದ ಕಡೆ ಚೆನ್ನಾಗಿಯೇ ಇದೆ. ಚಿಕ್ಕಪ್ಪನ ಕಾಫಿ ತೋಟದ ಎದುರು ಮಾತ್ರ ಜಲ್ಲಿ ಎದ್ದು ಹೊಂಡ ಬಿದ್ದಿದೆ.

ಅವರು ಫೋನಿನ ಮೇಲೆ ಫೋನು ಮಾಡಿ ಕರೆಸಿದ್ದ ಇಂಜಿನಿಯರ್ ಹುಡುಗಿ ಹೊಂಡದ ಪಕ್ಕ ಕುಳಿತು ಒಂದು ಜಲ್ಲಿ ಎತ್ತಿದಳು. ಟಾರು ಅಂಟಿರಲೇ ಇಲ್ಲ.

“ನೋಡಿದ್ರಾ ಮೇಡಂ? ಪೂರಾ ಕಳಪೆ! ಮಳೆಗಾಲಕ್ಕೆ ಮುಂಚೆನೇ ಹಿಂಗಾದ್ರೆ ಹೆಂಗೆ?”

ಅವಳು ಬಾಯಿ ತೆರೆಯುವಷ್ಟರಲ್ಲಿ, ಕಾಫಿ ಹೂ ಅರಳಲೆಂದು ತೋಟದಲ್ಲಿ ಆಗಷ್ಟೇ ಹಾಕಿದ್ದ ಸ್ಪ್ರಿಂಕ್ಲರಿನ ಜೆಟ್ ಒಂದು ಸುತ್ತು ತಿರುಗಿ, ಬೇಲಿ ದಾಟಿ ಬಂದು ನಮ್ಮ ಮೂವರನ್ನೂ ತೋಯಿಸಿ ಹೋಯಿತು. ಹೊಂಡದಲ್ಲೂ ನೀರು ನಿಂತಿತು.

ಹುಡುಗಿ ಕನ್ನಡಕ ಒರೆಸಿಕೊಂಡಳು. “ನೀರು ಒಳಗಿಳಿದ್ರೆ ಟಾರು ಜಲ್ಲಿನ ಬಿಟ್ಬಿಡುತ್ತೆ ಸಾರ್. ಆಮೇಲೆ ಲಾರಿ ಹೋದಾಗೆಲ್ಲ ಕಿತ್ತು ಬರುತ್ತೆ.”

“ಈ ಸಲ ಹೂಮಳೆ ಬರ್ಲಿಲ್ವಲ್ಲ ಮೇಡಂ, ಏನ್ ಮಾಡೋದು? ಹೂವಿಗೆ ನೀರು ಬೇಕಲ್ಲ.”

“ಗಿಡಕ್ಕೆ ಬೇಕು ಸಾರ್. ರಸ್ತೆ ಹೂ ಬಿಡಲ್ಲ.”

ಚಿಕ್ಕಪ್ಪ ತೋಟದ ಕಡೆ ತಿರುಗಿ ಕೂಗಿದರು: “ಮೇಸ್ತ್ರಿ, ಆ ಜೆಟ್ ಒಳಗಡೆ ತಿರುಗ್ಸು ಮಾರಾಯ!”

ಆಮೇಲೆ ಮನೆಯಲ್ಲಿ ಚಿಕ್ಕಮ್ಮ ಟವೆಲು ಕೊಟ್ಟರು, ಬಿಸಿ ಕಾಫಿ ಕೊಟ್ಟರು. ಹೊಂಡ ಮುಚ್ಚಿಸುತ್ತೇನೆಂದು ಹೇಳಿ ಇಂಜಿನಿಯರ್ ನಗುತ್ತಲೇ ಹೊರಟಳು.

ಚಿಕ್ಕಪ್ಪ ಈಗ ಒಣಗಿದ ಅಂಗಿ ತೊಟ್ಟು ಮತ್ತೆ ಗೇಟಿನ ಬಳಿ ನಿಂತಿದ್ದಾರೆ. ಎದುರು ತೋಟದವರ ಜೆಟ್ ರಸ್ತೆಗೆ ಬೀಳುತ್ತದೆಯೋ ಎಂದು ಕಾಯುತ್ತಿದ್ದಾರೆ.