ಯಾರ ಕೈಯ ರೊಟ್ಟಿ

ಕಳೆದ ಸೋಮವಾರ ನನ್ನ ಅವ್ವನ ರೊಟ್ಟಿ ಗಂಟನ್ನು ಆಶ್ರಮದ ಗೇಟಿನಲ್ಲೇ ತಡೆದರು.

ತಡೆದವನು ಶರ್ಟಿಗೆ ಬ್ಯಾಡ್ಜ್ ಚುಚ್ಚಿಕೊಂಡ ಸ್ವಯಂಸೇವಕ. ಒರಟನೇನಲ್ಲ, ಕೈಮುಗಿದೇ ಹೇಳಿದ. "ಹೊರಗಿನ ಅಡಗಿ ಒಳಗ ಬಿಡಂಗಿಲ್ರಿ ಅವ್ವಾರ. ಬೋರ್ಡ್ ಹಾಕೇವ್ರಿ. ಬೇಕಂದ್ರ ಗೋಶಾಲಿಗೆ ಕೊಡ್ರಿ, ಆಕಳ ತಿಂತಾವು."

ಅವ್ವನಿಗೆ ಓದಲು ಬರುವುದಿಲ್ಲ. ಬೋರ್ಡು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಇಳಕಲ್ಲಿನ ಮನೆಯಲ್ಲಿ ನಸುಕಿನಲ್ಲೇ ಎದ್ದು ಬಡಿದ ರೊಟ್ಟಿ. ಗಂಟು ಇನ್ನೂ ಬೆಚ್ಚಗಿತ್ತು.

ಹುನಗುಂದ-ಇಳಕಲ್ ರಸ್ತೆಯ ಈ ಆಶ್ರಮದ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. (ಹೆಸರು ಬೇಡ. ಸುತ್ತಲಿನವರಿಗೆ ತಾನಾಗಿಯೇ ಗೊತ್ತಾಗುತ್ತದೆ. ಉಳಿದವರಿಗೆ ಹೆಸರು ಕಟ್ಟಿಕೊಂಡು ಏನಾಗಬೇಕು?)

ಎಪ್ಪತ್ತರ ದಶಕ ಶುರುವಾದಾಗ ಅಲ್ಲಿದ್ದದ್ದು ಒಂದು ತಗಡಿನ ಚಪ್ಪರ, ಅದರ ಕೆಳಗೆ ಕಂಬಳಿ ಹೊದ್ದು ಕುಳಿತ ಅಜ್ಜಾರು. ಮೊದಲು ಕುರಿ ಕಾಯುತ್ತಿದ್ದವರು. ಪ್ರವಚನ ಬರುತ್ತಿರಲಿಲ್ಲ. ಪವಾಡವನ್ನಂತೂ ಒಂದೂ ಮಾಡಲಿಲ್ಲ. ಆದರೂ ಬಾದಾಮಿ ಕಡೆಯಿಂದ, ಬೇವೂರಿನಿಂದ ಜನ ಚಕ್ಕಡಿ ಕಟ್ಟಿಕೊಂಡು ಬರತೊಡಗಿದರು. ಯಾಕೆ? ರೊಟ್ಟಿಗಾಗಿ ಎಂದರೆ ನಗಬೇಡಿ.

ಚಪ್ಪರದಲ್ಲಿ ಒಲೆಯಿರಲಿಲ್ಲ. ಬಂದವರು ತಮ್ಮ ತಮ್ಮ ಮನೆಯ ರೊಟ್ಟಿ ತರಬೇಕು, ಬಾಗಿಲಲ್ಲಿದ್ದ ದೊಡ್ಡ ಬುಟ್ಟಿಗೆ ಹಾಕಬೇಕು. ಅಜ್ಜಾರು ಕೈಯಾಡಿಸಿ ಎಲ್ಲವನ್ನೂ ಬೆರೆಸಿಬಿಡುವರು. ಪಂಕ್ತಿಯಲ್ಲಿ ಎಲೆಗೆ ಬಿದ್ದದ್ದು ನಿಮ್ಮದು. ಯಾರ ಮನೆಯದೆಂದು ಕೇಳುವಂತಿಲ್ಲ. "ಬುಟ್ಟ್ಯಾಗ ಬಿದ್ದ ಮ್ಯಾಲ ರೊಟ್ಟಿಗೆ ಮನಿ ಇರಂಗಿಲ್ಲ" ಎನ್ನುತ್ತಿದ್ದರು. ಆಶ್ರಮಕ್ಕೆ ಇದ್ದ ನಿಯಮ ಅದೊಂದೇ.

ಇದು ಸಣ್ಣ ಮಾತೇ? ಒಂದು ಓಣಿಯ ಕೊಡ ಇನ್ನೊಂದು ಓಣಿಯ ಬಾವಿಗೆ ಇಳಿಯದ ಊರುಗಳು ನಮ್ಮವು.

ಅವ್ವನೂ ಕಡಿಮೆ ಕಿಲಾಡಿಯಲ್ಲ. ಮೊದಮೊದಲು ಅವಳೊಬ್ಬಳೇ ರೊಟ್ಟಿಗೆ ಎಳ್ಳು ಹಚ್ಚಿ ತರುತ್ತಿದ್ದಳು. ಪಂಕ್ತಿಯಲ್ಲಿ ಎಳ್ಳು ಕಂಡ ರೊಟ್ಟಿಯನ್ನಷ್ಟೇ ಆರಿಸಿ ನಮ್ಮ ಎಲೆಗೆ ಹಾಕಿಸುತ್ತಿದ್ದಳು. ಅಜ್ಜಾರು ಬೈಯಲಿಲ್ಲ. ಒಂದು ಸೋಮವಾರ, ಹೊರಟು ನಿಂತ ಹೆಂಗಸರಿಗೆಲ್ಲ ಒಂದೊಂದು ಹಿಡಿ ಎಳ್ಳು ಕೊಟ್ಟರು. "ಪ್ರಸಾದ. ಮುಂದಿನ ವಾರ ರೊಟ್ಟಿಗೆ ಹಚ್ಚಿ ತರ್ರಿ" ಎಂದರು. ಮುಂದಿನ ವಾರ ಬುಟ್ಟಿಯ ತುಂಬ ಎಳ್ಳಿನ ರೊಟ್ಟಿ. ಅವ್ವ ತೆಪ್ಪಗೆ ಸಿಕ್ಕಿದ್ದನ್ನು ಉಂಡಳು. ಅವತ್ತು ಅವಳ ಪಕ್ಕ ಕುಳಿತಿದ್ದವಳು ಊರ ಹೊರಗಿನ ಕೇರಿಯ ದುರ್ಗವ್ವ. ಅಂದಿನಿಂದ ಇಬ್ಬರೂ ಗೆಳತಿಯರು.

ಆಶ್ರಮ ಬೆಳೆಯಿತು. ಬೋರ್‌ವೆಲ್ ಬಂತು, ಕರೆಂಟು ಬಂತು, ಕೆಂಪು ಬಸ್ಸು ಗೇಟಿನ ಮುಂದೆಯೇ ನಿಲ್ಲತೊಡಗಿತು. ಇಳಕಲ್ಲಿನ ಸೀರೆ ವ್ಯಾಪಾರಿಗಳು, ಬಾಗಲಕೋಟೆಯ ವಕೀಲರು ಸೇರಿ ಕಮಿಟಿ ಮಾಡಿ ಹಾಲ್ ಕಟ್ಟಿಸಿದರು. ಅವರನ್ನು ಹಳಿಯುವುದಿಲ್ಲ, ಭಕ್ತಿಯಿದ್ದದ್ದಕ್ಕೇ ಕಟ್ಟಿಸಿದರು. ಎರಡು ವರ್ಷದ ಹಿಂದೆ ಅಜ್ಜಾರು ದೇಹ ಬಿಟ್ಟರು. ಅವರ ಸಮಾಧಿಯ ಮೇಲೆ ಅಮೃತಶಿಲೆಯ ಗದ್ದುಗೆಯಾಯಿತು. ಬುಟ್ಟಿ ಮಾತ್ರ ಹಾಗೇ ಉಳಿದಿತ್ತು. ಈಗ ಅದೂ ಹೋಯಿತು.

ದುರ್ಗವ್ವ ಗೇಟಿನ ಹೊರಗೆ, ಕಾಂಪೌಂಡಿನ ನೆರಳಲ್ಲಿ ಕುಳಿತಿದ್ದಳು. ಮಡಿಲಲ್ಲಿ ಅವಳದೂ ಗಂಟು.

"ಏನಾತ ದುರ್ಗವ್ವ? ಯಾಕಂತ ಬೋರ್ಡ್?" ಅವ್ವ ಕೇಳಿದಳು.

"ನನ್ನಿಂದನ ಆತ ಯಕ್ಕಾ. ಹೋದ ವಾರ ನೀ ಬಂದಿದ್ದಿಲ್ಲ, ಪಂಕ್ತ್ಯಾಗ ಒಬ್ಬಾಕಿ ಸಾವಕಾರ್ತಿ, ಈ ರೊಟ್ಟಿ ಭಾಳ ಮೆತ್ತಗ ಅದಾವು, ಯಾರ ಕೈಯಾವು ಅಂತ ಕೇಳಿದ್ಲು. ನನಗ ಹಿಗ್ಗಾತು. ನನ್ನಾವ್ರಿ ಅಂದೆ. ಯಾವ ಓಣಿ ಅಂದ್ಲು. ಅದನ್ನೂ ಹೇಳಿದೆ."

ಅವ್ವನತ್ತ ತಿರುಗಿ ಕೇಳಿದಳು. "ಸುಳ್ಳ ಹೇಳಬೇಕಿತ್ತೇನ ಯಕ್ಕಾ?"

ಸಾವಕಾರ್ತಿ ಅರ್ಧ ರೊಟ್ಟಿ ಎಲೆಯಲ್ಲೇ ಬಿಟ್ಟು ಎದ್ದಳಂತೆ. ಸಂಜೆಗೆ ಕಮಿಟಿ ಮೀಟಿಂಗು, ಮರುದಿನ ಬೋರ್ಡು. ಒಬ್ಬಳ ರೊಟ್ಟಿ ಬೇಡ ಎನ್ನಲು ಅಜ್ಜಾರ ಮಾತು ಅಡ್ಡ ಬರುತ್ತದೆ, ಕಾಯಿದೆಯೂ ಅಡ್ಡ ಬರುತ್ತದೆ. ಅದಕ್ಕೇ ಎಲ್ಲರ ರೊಟ್ಟಿಯನ್ನೂ ಬೇಡ ಎಂದರು, ಸ್ವಚ್ಛತೆಯ ಹೆಸರು ಕೊಟ್ಟರು. ಈಗ ಯಾರ ಮೇಲೆ ತಪ್ಪು ಹೊರಿಸುತ್ತೀರಿ? ನನಗೆ ಸಿಟ್ಟು ನೆತ್ತಿಗೇರಿತು.

ಒಳಗೆ ಪ್ರಸಾದದ ಗಂಟೆ ಹೊಡೆಯಿತು. ನಮ್ಮ ಜೊತೆ ಬಸ್ಸಿಳಿದವರು ಗಂಟುಗಳನ್ನು ಗೋಶಾಲೆಗೆ ಒಪ್ಪಿಸಿ ಹಾಲ್ ಕಡೆ ನಡೆದರು. ಈಗ ಅಡುಗೆಗೆ ಭಟ್ಟರಿದ್ದಾರೆ, ಉಣ್ಣಲು ಸ್ಟೀಲ್ ತಟ್ಟೆಗಳಿವೆ.

"ನೀ ಒಳಗ ಹೋಗ ಯಕ್ಕಾ," ದುರ್ಗವ್ವ ಅಂದಳು. "ನನಗೂ ಉಣ್ಣಾಕ ಬಾ ಅಂದಾರ. ಅವರದು ನಾ ಉಣ್ಣಬೇಕಂತ, ನಂದು ಅವರು ಉಣ್ಣಂಗಿಲ್ಲಂತ. ನಾ ಹೆಂಗ ಹೋಗ್ಲಿ?"

ಅವ್ವ ಮೊಣಕಾಲು ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕುಳಿತಳು. ತನ್ನ ಗಂಟು ಬಿಚ್ಚಿದಳು, ದುರ್ಗವ್ವನ ಗಂಟನ್ನೂ ಕಸಿದು ಬಿಚ್ಚಿದಳು. ಎರಡನ್ನೂ ಒಂದೇ ಬಟ್ಟೆಯ ಮೇಲೆ ಸುರಿದಳು. ಶೇಂಗಾ ಚಟ್ನಿ ಇತ್ತು, ಗಟ್ಟಿ ಮೊಸರಿತ್ತು. ನಾನೂ ಕುಳಿತೆ. ಹೊಲದ ಕಡೆಯಿಂದ ಬಂದ ಇಬ್ಬರು ಹೆಂಗಸರು ಕುಳಿತರು. ಅಷ್ಟೇ. (ಒಳಗಿದ್ದವರೆಲ್ಲ ಎದ್ದು ಬಂದು ನಮ್ಮ ಪಂಕ್ತಿಗೆ ಸೇರಿದರು ಎಂದು ಬರೆಯಲು ನನಗೂ ಆಸೆ. ಯಾರೂ ಬರಲಿಲ್ಲ.)

ಬಂದವರು ಕಮಿಟಿಯ ಸೆಕ್ರೆಟರಿ. ಒಳ್ಳೆಯ ಮನುಷ್ಯರೇ. ಬೆಳಿಗ್ಗೆ ಸಂಜೆ ಗದ್ದುಗೆಗೆ ತಾವೇ ಹೂವೇರಿಸುತ್ತಾರೆ. ಮುಖ ಸಪ್ಪಗಾಗಿತ್ತು.

"ಅವ್ವಾರ, ಹಿಂಗ ಗೇಟಿನ ಮುಂದ ಕೂತು ಉಣ್ಣಬ್ಯಾಡ್ರಿ. ನೋಡಿದ ಮಂದಿ ಏನಂತ ತಿಳ್ಕೋಬೇಕು?"

ಅವ್ವ ತುತ್ತು ನುಂಗಿ ಹೇಳಿದಳು. "ಏನೈತೋ ಅದನ್ನ ತಿಳ್ಕೋತಾರಪ್ಪಾ."

ಆಮೇಲೆ ಬಟ್ಟೆಯ ಮೇಲಿಂದ ಒಂದು ರೊಟ್ಟಿ ತೆಗೆದು ಅವರತ್ತ ಚಾಚಿದಳು. "ನೀನೂ ಒಂದು ತಗೋ. ಹೊತ್ತಾಗೇತಿ, ಹಸದಿರಬೇಕು."

ಸೆಕ್ರೆಟರಿ ರೊಟ್ಟಿ ನೋಡಿದರು, ದುರ್ಗವ್ವನನ್ನು ನೋಡಿದರು. ದುರ್ಗವ್ವ ತಲೆ ತಗ್ಗಿಸಿದಳು. ಅವ್ವನ ಕೈ ಚಾಚಿಯೇ ಇತ್ತು. ಒಳಗಿಂದ ಯಾರೋ ಕರೆದಂತಾಯಿತು, ಅವರು "ಬಂದೆ" ಎನ್ನುತ್ತ ಹೊರಟುಹೋದರು.

ದಿನಕ್ಕೆರಡು ಸಲ ಅಜ್ಜಾರ ಕಲ್ಲಿಗೆ ಮುಗಿಯುವ ಆ ಕೈಗೆ, ಒಂದು ರೊಟ್ಟಿ ಅಷ್ಟು ಭಾರವಾಯಿತೇ?