ಬಿಳಿ ಶರ್ಟಿನ ಮೇಲಿನ ಹೆಬ್ಬೆಟ್ಟು

ಬರ್ಲಿನ್ನಿನ ಶೋನೆಬೆರ್ಗ್‌ನಲ್ಲಿ ಇಪ್ಪತ್ತಾರು ವರ್ಷಗಳಿಂದ ಗಂಡಸರಿಗೆ ಲ್ಯಾಟೆಕ್ಸ್ ಬಟ್ಟೆ ಮಾಡಿಕೊಡುವ ಫೋಲ್ಕ್‌ಮಾರ್‌ಗೆ ಸೂಜಿ ದಾರದ ಗೊಡವೆ ಇಲ್ಲ. ಲ್ಯಾಟೆಕ್ಸ್ ಎಂಬ ಈ ತೆಳು ರಬ್ಬರಿಗೆ ಅಂಟೇ ಹೊಲಿಗೆ. ಇರುವ ಗೊಡವೆಯೆಲ್ಲ ಗಿರಾಕಿಗಳದ್ದು. ಅಳತೆಗೆ ನಿಂತಾಗ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಹಾಕಿಕೊಳ್ಳುವಾಗ ಬಿಟ್ಟುಬಿಡುತ್ತಾರೆ. ಪೌಡರ್ ಹಚ್ಚಿಕೊಂಡು ನಿಧಾನವಾಗಿ ಏರಿಸಿ ಎಂದರೆ ಉಗುರು ಹಾಕಿ ಎಳೆಯುತ್ತಾರೆ. ತೊಳೆದು ನೆರಳಲ್ಲಿ ಒಣಗಿಸಿ ಎಂದರೆ ಬಿಸಿಲಿಗೆ ಹಾಕಿ, ಅಂಟಂಟು ಮುದ್ದೆಯನ್ನು ಹಿಡಿದು ತಂದು ಇವನ ಮುಖ ನೋಡುತ್ತಾರೆ. ಬಾಗಿಲ ಪಕ್ಕದಲ್ಲಿ ಅವನೇ ಬರೆದ ಬೋರ್ಡಿದೆ: ‘ಹಿತ್ತಾಳೆ, ತಾಮ್ರ ಮುಟ್ಟಿದವರು ಕೈ ತೊಳೆಯದೆ ಬಿಳಿ ಬಟ್ಟೆ ಮುಟ್ಟಬೇಡಿ. ಆಮೇಲೆ ಕಂದು ಕಲೆ ಏಳುತ್ತದೆ, ಹೋಗುವುದಿಲ್ಲ.’

ಶುಕ್ರವಾರ ಬೆಳಿಗ್ಗೆ ಅವನು ಬಾಗಿಲು ತೆಗೆದೊಡನೆ ಟ್ರಾಮ್ ಓಡಿಸುವ ಆನ್ಸ್‌ಗರ್ ಅಲ್ಲೇ ಮಾಡಿಸಿದ್ದ ತನ್ನ ಬಿಳಿ ಲ್ಯಾಟೆಕ್ಸ್ ಶರ್ಟು ತಂದು ಮೇಜಿನ ಮೇಲೆ ಹರಡಿದ. ಮರುದಿನ ಹನ್ನೊಂದಕ್ಕೆ ಯೋಸ್ಟ್‌ನ ಜೊತೆ ಅವನ ಮದುವೆ. ಕಾಲರಿನ ಹಿಂದೆ ಕಂದು ಕಲೆ.

“ಕೀಲಿಕೈ ಹಿಡ್ಕೊಂಡಿದ್ದ ಕೈಲಿ ಮುಟ್ಟಿದ್ಯಾ?”

“ಇಲ್ಲ ಮೇಷ್ಟ್ರೇ.”

“ಹಿತ್ತಾಳೆ ಕೊಕ್ಕೆಗೆ ನೇತಾಕಿರ್ತೀಯ.”

“ಸೋಮವಾರ ನೀವು ಹಾಕ್ಸಿ ನೋಡಿದ್ರಲ್ಲ, ಅವತ್ತಿಂದ ಮರದ ಹ್ಯಾಂಗರಲ್ಲೇ ಇದೆ.”

“ಹಂಗಾದ್ರೆ ಯೋಸ್ಟೇ. ದಿನಾ ಹಿತ್ತಾಳೆ ತುತ್ತೂರಿ ಊದ್ತಾನೆ, ಊದಿದ ಕೈಲೇ ಬಂದು ಸವರಿದಾನೆ. ಗಂಡನ್ನ ಆರಿಸ್ಕೊಳೋ ಮುಂಚೆ ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?”

ಆನ್ಸ್‌ಗರ್ ಕಾಫಿ ಕುಡಿಯುತ್ತಿದ್ದ. ಫೋಲ್ಕ್‌ಮಾರ್ ಕನ್ನಡಕ ಏರಿಸಿ ಬಗ್ಗಿದ. ಕಲೆ ಹೆಬ್ಬೆಟ್ಟಿನದು. ಅದರ ನಡುವೆ ಓರೆಯಾಗಿ ಒಂದು ಗೀರು. ಕಸುಬಿಗೆ ಬಂದ ಮೊದಲ ವರ್ಷ ಚಾಕು ತಾಗಿ ಆದ ಅಂಥದೇ ಗೀರು ಅವನ ಬಲಗೈ ಹೆಬ್ಬೆಟ್ಟಿನಲ್ಲಿ ಇನ್ನೂ ಇತ್ತು. ಸೋಮವಾರ ಗಿರಾಕಿ ಬರುವ ಮುಂಚೆ, ಅಂಗಡಿ ಲಕ್ಷಣವಾಗಿರಲಿ ಎಂದು, ಬಾಗಿಲಿನ ಹಿತ್ತಾಳೆ ಹಿಡಿಯನ್ನು ತಿಕ್ಕಿ ಬೆಳಗಿದವನೂ ಅವನೇ.

ಅವನು ಕಪ್ಪು ರಬ್ಬರ್ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿದ. “ಕಾಲರ್ ಕಪ್ಪಗಿದ್ರೇನೇ ಚೆಂದ ಅನ್ಸತ್ತೆ. ಮದುವೆಗೆ ಒಂದು ಗಾಂಭೀರ್ಯ.”

“ಗೀರು ನೋಡಿ ಯೋಸ್ಟ್ ನಿನ್ನೆನೇ ನಿಮ್ಮ ಹೆಬ್ಬೆಟ್ಟು ಅಂತ ಗುರುತು ಹಿಡಿದ, ಮೇಷ್ಟ್ರೇ. ‘ಬಾಯ್ಬಿಡ್ಬೇಡ, ಮೊದಲು ನಂಗೆಷ್ಟು ಬೈತಾರೆ ಕೇಳ್ಕೊಂಡ್ ಬಾ’ ಅಂದ.”

ಫೋಲ್ಕ್‌ಮಾರ್ ಗೊಣಗುತ್ತ ಅಂಟಿನ ಡಬ್ಬಿ ತೆಗೆದ. “ಆ ತುದಿ ಹಿಡ್ಕೋ. ಸುಕ್ಕು ಬಿದ್ರೆ ಕೊಲ್ತೀನಿ.”

ಆನ್ಸ್‌ಗರ್ ಹಿಡಿಯಲಿಲ್ಲ, ಕೈಯಲ್ಲಿದ್ದ ಕಾಫಿ ಕಪ್ಪಿನಿಂದಲೇ ಬೋರ್ಡಿನ ಕಡೆ ತೋರಿಸಿದ. “ಈಗ ಹಿತ್ತಾಳೆ ಹಿಡಿ ಹಿಡ್ದು ಬಾಗಿಲು ತೆಗೆದೋರು ಯಾರು?”

ಫೋಲ್ಕ್‌ಮಾರ್ ನಲ್ಲಿಯ ಹತ್ತಿರ ಹೋದ. ಸೋಪು ಮುಗಿದು ಎಷ್ಟು ದಿನವಾಗಿತ್ತೋ. ಅದನ್ನು ತರಲು ಮದುಮಗನೇ ಎದುರಿನ ಅಂಗಡಿಗೆ ಓಡಿದ. ವಾಪಸು ಬರುವಾಗ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಬಂದ.